ಕೇಳಿದವರು ಯಾರು ಅನ್ನೋದೂ ಬರೆಯಿರಿ

ನಮಸ್ಕಾರ ಮೇಡಂ,

ಕಾರವಾರದಿಂದ ನೀವು ಕಳಿಸಿದ ಲೇಖನ ಓದಿದೆ. ಬುಡಕಟ್ಟಿನ ಹುಡುಗಿಯರು ನರ್ಸಿಂಗ್ ಕ್ಲಾಸಿನಲ್ಲಿ ಯಾಕೆ ಬಾಯಿ ಬಿಡುವುದಿಲ್ಲ ಅನ್ನೋದು ಒಳ್ಳೆಯ ಪ್ರಶ್ನೆ. ಆದರೆ ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ.

ನೀವು ಅವರ ಟೀಚರ್. ಇಂಟರ್ನಲ್ ಮಾರ್ಕ್ಸ್ ಹಾಕುವವರೂ ನೀವೇ. ಮಾತಾಡಿಸಿದ್ದು ನಿಮ್ಮದೇ ರೂಮಿನಲ್ಲಿ, ಮೊಬೈಲ್ ರೆಕಾರ್ಡಿಂಗಿಗೆ ಇಟ್ಟು. ಇದೆಲ್ಲ ನಿಮ್ಮ ಪತ್ರದಲ್ಲಿದೆ, ಲೇಖನದಲ್ಲಿ ಎಲ್ಲೂ ಇಲ್ಲ. ಹಾಸ್ಟೆಲ್ ಹೇಗಿದೆ ಅಂತ ಕೇಳಿದ್ದಕ್ಕೆ ಅಂಕೋಲಾ ಕಡೆಯ ಹುಡುಗಿ, 'ಎಲ್ಲ ಚಲೋ ಇದೆ ಮೇಡಂ' ಅಂದಳು. ಅದರ ಕೆಳಗೇ ನೀವು 'ಆತ್ಮವಿಶ್ವಾಸದ ಕೊರತೆ' ಅಂತ ಬರೆದಿದ್ದೀರಿ. ಮಾರ್ಕ್ಸ್ ಹಾಕುವವರ ಎದುರು ಕೂತು ಊಟ ಸರಿಯಿಲ್ಲ ಅಂತ ಯಾರು ಹೇಳುತ್ತಾರೆ? ನನಗಂತೂ ಅವಳು ಜಾಣೆಯಾಗಿಯೇ ಕಂಡಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ, ಸಂಶೋಧನೆಗೆ 'ಒಲ್ಲೆ' ಅನ್ನಲು ಕಷ್ಟವಾಗುವವರ ಸಾಲಿಗೆ ವಿದ್ಯಾರ್ಥಿಗಳನ್ನೂ ಸೇರಿಸಿರುವುದು ಸುಮ್ನೆ ಅಲ್ಲ.

ಹಾಗಂತ ಶುರುವಿನಲ್ಲಿ 'ನಾನು ಪೇಟೆಯವಳು, ಇಂಥ ಜಾತಿಯವಳು' ಅಂತ ಒಂದು ಪ್ಯಾರಾ ಅಂಟಿಸಿ ಕಳಿಸಬೇಡಿ. ಈಚೆಗೆ ಅದೂ ಸಂಕಲ್ಪ ಹೇಳಿ ನೀರು ಬಿಟ್ಟ ಹಾಗಾಗಿದೆ. ಯಾವ ಪ್ರಶ್ನೆ ಕೇಳಲು ನಿಮಗೇ ಮುಜುಗರವಾಯಿತು, ಯಾವ ಉತ್ತರಕ್ಕೆ ನೀವು ತಲೆಯಾಡಿಸಿ ಮುಂದೆ ಹೋದಿರಿ? ಅದನ್ನು ಆಯಾ ಜಾಗದಲ್ಲೇ ಬರೆಯಿರಿ.

ಹಾಲಕ್ಕಿ, ಸಿದ್ದಿ ಸಮುದಾಯದವರನ್ನೆಲ್ಲ ಒಂದೇ ಗುಂಪು ಮಾಡಿದ್ದೀರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳು ನಮ್ಮನ್ನೂ ಆ ಪಟ್ಟಿಗೆ ಸೇರಿಸಿ ಅಂತ ವರ್ಷಗಟ್ಟಲೆ ಕೇಳುತ್ತಲೇ ಬಂದಿದ್ದಾರೆ. ಸೀಟು, ಸ್ಕಾಲರ್‌ಶಿಪ್ ಎರಡರಲ್ಲೂ ಇದರಿಂದ ವ್ಯತ್ಯಾಸ ಆಗುತ್ತದೆ, ಅಲ್ವಾ?

ಲೇಖನದ ಜೀವ ಇರುವುದು ಯಲ್ಲಾಪುರ ಕಡೆಯ ಹುಡುಗಿಯಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳು. ಅನಾಟಮಿ ಪುಸ್ತಕದ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದುಕೊಂಡಿದ್ದಾಳೆ. ಕ್ಲಾಸಿನಲ್ಲಿ ಸುಮ್ಮನಿರುವ ಅದೇ ಹುಡುಗಿ ವಾರ್ಡಿನಲ್ಲಿ ಅಜ್ಜಿಯರ ಹತ್ತಿರ ಕೊಂಕಣಿಯಲ್ಲಿ ಹರಟುತ್ತಾ ಬಿಪಿ ನೋಡುತ್ತಾಳೆ. ಇದಕ್ಕೆ ನೀವು ಕೊಟ್ಟಿದ್ದು ಎರಡೇ ಸಾಲು! ಅವಳು ಮಾತಾಡದವಳಲ್ಲ ಅಂದಮೇಲೆ ಕ್ಲಾಸನ್ನೇ ನೋಡಬೇಕು. ಅಲ್ಲಿ ಪ್ರಶ್ನೆ ಯಾವ ಭಾಷೆಯಲ್ಲಿ ಬರುತ್ತದೆ, ತಪ್ಪು ಹೇಳಿದರೆ ಯಾರು ನಗುತ್ತಾರೆ? ಇದನ್ನು ಬೆಳೆಸಿ. ಪೀಠಿಕೆಯ ಮೂರು ಪುಟ ಕಿತ್ತುಹಾಕಿದರೂ ನಷ್ಟವಿಲ್ಲ.

ರಿಸಲ್ಟ್ ಬಂದ ಮೇಲೆ, ಮಾರ್ಕ್ಸಿಗೆ ಸಂಬಂಧವಿಲ್ಲದ ಯಾರಿಂದಲಾದರೂ ಇನ್ನೊಮ್ಮೆ ಮಾತಾಡಿಸಿ. ಬರೆದದ್ದನ್ನು ಆ ಹುಡುಗಿಯರಿಗೆ ಓದಿ ಹೇಳಿ. ಬೇಡ ಅಂದಿದ್ದನ್ನು ತೆಗೆದುಬಿಡಿ. ಯಲ್ಲಾಪುರದ ಹುಡುಗಿಯ ಊರಿನ ಹೆಸರನ್ನಂತೂ ಈಗಲೇ ತೆಗೆಯಿರಿ. ಬ್ಯಾಚಿನಲ್ಲಿ ಆ ಊರಿನವಳು ಅವಳೊಬ್ಬಳೇ ಅಂತ ನೀವೇ ಬರೆದಿದ್ದೀರಿ.