ಹುಲ್ಲು ಇಳಿಸಿದ ದಿನ ಸಂಜೆ ಬರೋ ಚಳಿಜ್ವರದ ಬಗ್ಗೆ

ಅಣ್ಣಾ, ಬೆಳಿಗ್ಗೆ ಅಟ್ಟದಿಂದ ಬಿಳಿಹುಲ್ಲು ಇಳಿಸಿದ್ರೆ ಸಂಜೆ ಚಳಿಜ್ವರ, ಒಣಕೆಮ್ಮು, ಏದುಸಿರು, ಮಾರನೇ ದಿನ ತಾನಾಗೇ ಕಡಿಮೆ, ಮತ್ತೆ ಹುಲ್ಲು ಮುಟ್ಟಿದ ದಿನ ಅದೇ ಕಥೆ ಅಂತ ಬರ್ದಿದ್ದೀರಿ. ಮೇಲೆ ಸುಮಾರು ಜನ ಧೂಳಿನ ಅಲರ್ಜಿ, ಕಷಾಯ ಕುಡೀರಿ ಅಂದಿದ್ದಾರೆ, ನಂಗೆ ಹಾಗನ್ಸಲ್ಲ. ಮಾಮೂಲಿ ಅಲರ್ಜಿ ಆದ್ರೆ ಧೂಳು ಹೊಡೆದ ಕೂಡ್ಲೇ ಸೀನು, ಮೂಗು ಸೋರೋದು. ನಿಮ್ದು 4ರಿಂದ 8 ತಾಸು ಬಿಟ್ಟು ಜ್ವರದ ಜೊತೆ ಬರ್ತಿದೆ, ಇದು ಫಾರ್ಮರ್ಸ್ ಲಂಗ್, ಅಂದ್ರೆ ಬೂಷ್ಟು ಹಿಡಿದ ಹುಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ ಇರ್ಬಹುದು, ದಯವಿಟ್ಟು ಹಗುರ ಮಾಡ್ಬೇಡಿ.

ಹುಲ್ಲು ಹಸಿ ಇದ್ದಾಗ್ಲೇ ಒಟ್ಟಿದ್ರೆ ಒಳಗೇ ಕಾವು ಏರ್ತದೆ, 40-60 ಡಿಗ್ರಿ ಹತ್ರ ಬಂದಾಗ ಆ ಬಿಸಿಯಲ್ಲೇ ಬೆಳೆಯೋ ಬ್ಯಾಕ್ಟೀರಿಯಾ, ಜೊತೆಗೆ ಬೂಷ್ಟು ಎಲ್ಲಾ ಹುಟ್ತದೆ, ಹುಲ್ಲು ಕೊಡವಿದಾಗ ಹೊಗೆ ಹಾಗೆ ಏಳ್ತದಲ್ಲ, ಅದ್ರಲ್ಲಿ ಇವುಗಳ ಬೀಜಕಣ ಲಕ್ಷಗಟ್ಟಲೆ. 10 ಮೈಕ್ರಾನ್‌ಗಿಂತ ದೊಡ್ಡ ಧೂಳನ್ನ ಮೂಗು ಗಂಟಲೇ ಹೆಚ್ಚಾಗಿ ತಡೀತದೆ, ಈ ಕಣ 1 ಮೈಕ್ರಾನ್ ಆಸುಪಾಸು, ಸೀದಾ ಶ್ವಾಸಕೋಶದ ಗಾಳಿಗೂಡಿಗೇ ಹೋಗ್ತದೆ. ಅಲ್ಲಿ ನಮ್ಮ ದೇಹವೇ ಅದ್ರ ಮೇಲೆ ತಿರುಗಿ ಬಿದ್ದು ಬಾವು ಬರ್ತದೆ. ಸೋಂಕಲ್ಲ, ಹಾಗಾಗಿ ಆಂಟಿಬಯಾಟಿಕ್ ನುಂಗಿದ್ರೆ ಪ್ರಯೋಜನ ಇಲ್ಲ. ವರ್ಷಾನುಗಟ್ಲೆ ಹೀಗೇ ನಡೆದ್ರೆ ಶ್ವಾಸಕೋಶ ಗಾಯದ ಕಲೆ ಕಟ್ಟಿ ಗಟ್ಟಿಯಾಗ್ತದೆ, ಅದು ಮತ್ತೆ ಸರಿಯಾಗೋದಿಲ್ಲ.

ಸದ್ಯ ನೀವು ಅಟ್ಟ ಹತ್ಲೇಬೇಡಿ. ಬೇರೆಯವರು ಇಳಿಸೋದಾದ್ರೂ ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರ್ಬೇಕು, ಗಡ್ಡ ಇದ್ರೆ ಸಂದಿಯಿಂದ ಗಾಳಿ ಒಳಗೆ ಬರ್ತದೆ. ಟವೆಲ್ ಸುತ್ಕೊಂಡ್ರೆ ಈ ಸಣ್ಣ ಕಣ ನಿಲ್ಲೋದಿಲ್ಲ. ಕೊಡವೋ ಮೊದ್ಲು ಅವತ್ತಿನ ಹುಲ್ಲಿಗಷ್ಟೇ ನೀರು ಚಿಮುಕಿಸಿ, ಕಿಟಕಿ ಬಾಗಿಲು ತೆಗೀರಿ, ಬೂಷ್ಟು ಹಿಡಿದ ಕಟ್ಟನ್ನ ದನಕ್ಕೂ ಹಾಕ್ಬೇಡಿ. ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಒಂದು ಹೆಂಚು ಸೋರಿದ್ರೂ ಸಾಕು, ಕೆಳಗಿನ ಹುಲ್ಲೆಲ್ಲಾ ಹಾಳು, ಹಾಗಾಗಿ ಮಾಡು ಮೊದ್ಲೇ ನೋಡ್ಕೊಳ್ಳಿ. ಕೊಟ್ಟಿಗೆಗೆ ಹಾಕೋ ದರಕು (ಒಣಎಲೆ) ನೆನೆದು ಮುಗ್ಗಿದ್ರೆ ಅದ್ರಲ್ಲೂ ಇದೇ ತೊಂದ್ರೆ.

ಇನ್ನೊಂದು, ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ. ಪೋರ್ಚುಗಲ್‌ನಲ್ಲಿ ದ್ರಾಕ್ಷಿ ತೋಟಕ್ಕೆ ಇದೇ ಮೈಲುತುತ್ತ ಸುಣ್ಣ ವರ್ಷಗಟ್ಲೆ ಹೊಡೆದವರ ಶ್ವಾಸಕೋಶ ಕೆಟ್ಟಿದ್ದನ್ನ 1969ರಲ್ಲೇ ವೈದ್ಯರು ಬರ್ದಿದ್ದಾರೆ. ಅಡಿಕೆ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡರಿಗೆ ನಾವೇ ಮಾಸ್ಕ್ ತಂದು ಕೊಡ್ಬೇಕು, ಅವರೇ ತರ್ಲಿ ಅಂತ ಕೂರೋದು ಸರಿಯಲ್ಲ.

ಡಾಕ್ಟರ್ ಹತ್ರ ಬರೀ ಜ್ವರ ಕೆಮ್ಮು ಅನ್ಬೇಡಿ, ಹುಲ್ಲು ಇಳಿಸಿದ್ದು ಎಷ್ಟೊತ್ತಿಗೆ, ಜ್ವರ ಬಂದಿದ್ದು ಎಷ್ಟೊತ್ತಿಗೆ ಅಂತ ಬರ್ಕೊಂಡು ಹೋಗಿ ಹೇಳಿ. ಎಕ್ಸ್‌ರೇ ಸರಿ ಇದೆ ಅಂದ್ರೂ ಬಿಡ್ಬೇಡಿ, ಕೆಲವೊಮ್ಮೆ ಸಿಟಿ ಸ್ಕ್ಯಾನ್‌ನಲ್ಲಿ ಮಾತ್ರ ಕಾಣ್ತದೆ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಶ್ವಾಸಕೋಶದ ಡಾಕ್ಟರಿಗೇ ತೋರ್ಸಿ. ಮತ್ತೆ ಜ್ವರ ಒಂದೆರಡು ದಿನದಲ್ಲಿ ಇಳೀಲಿಲ್ಲ, ತಲೆನೋವು ಮೈಕೈನೋವು ಜೋರು ಅಂತಾದ್ರೆ ಹುಲ್ಲಿನ ಮೇಲೆ ಹಾಕಿ ಕೂರ್ಬೇಡಿ, ದರಕು ತರೋಕೆ ಬೆಟ್ಟಕ್ಕೆ ಹೋದವರಿಗೆ ಉಣುಗು ಕಚ್ಚಿ ಮಂಗನ ಕಾಯಿಲೆ ಬರೋ ಸೀಮೆ ನಮ್ದು, ಅವತ್ತೇ ರಕ್ತ ಪರೀಕ್ಷೆ ಮಾಡ್ಸಿ.