ತೂಕ ಏರಿದ್ದು ಮೊಟ್ಟೆಯಿಂದಲೇ ಎನ್ನಲು ಏನಾಧಾರ?

ಮಾನ್ಯರೇ,

ಶಾಲಾ ಮಕ್ಕಳ ಮೊಟ್ಟೆ ಯೋಜನೆ ಕುರಿತು ನೀವು ಪ್ರಕಟಣೆಗೆ ಕಳಿಸಿದ ಲೇಖನ ಓದಿದೆವು. ಮಕ್ಕಳಿಗೆ ಮೊಟ್ಟೆ ಬೇಕೇ ಬೇಕು ಎಂಬ ನಿಲುವು ನಮ್ಮದೂ ಹೌದು. ಆದರೆ ಈಗಿರುವಂತೆ ಪ್ರಕಟಿಸಿದರೆ ವಿರೋಧಿಗಳು ಒಂದೇ ಪ್ರಶ್ನೆ ಕೇಳಿ ಇದನ್ನು ಕೆಡವುತ್ತಾರೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಶಾಲೆಯಲ್ಲಿ 2021ರ ಡಿಸೆಂಬರಿನಿಂದ 2022ರ ಮಾರ್ಚಿಗೆ ತೂಕ ಏರಿತು, ಆದ್ದರಿಂದ ಯೋಜನೆ ಫಲಿಸಿತು ಎಂದಿದ್ದೀರಿ. ಬೆಳೆಯುವ ಮಕ್ಕಳ ತೂಕ ಮೊಟ್ಟೆ ಇಲ್ಲದೆಯೂ ಏರುತ್ತದೆ. ಸಾಲದ್ದಕ್ಕೆ, ಕೋವಿಡ್‌ನಿಂದ ನಿಂತಿದ್ದ ಬಿಸಿಯೂಟ ಆಗಷ್ಟೇ ಮತ್ತೆ ಶುರುವಾಗಿತ್ತು. ಊಟದ ಪಾಲೆಷ್ಟು, ಮೊಟ್ಟೆಯ ಪಾಲೆಷ್ಟು?

ಉತ್ತರ ಪಕ್ಕದ ಜಿಲ್ಲೆಯಲ್ಲಿದೆ. ಆ ವರ್ಷ ಮೊಟ್ಟೆ ಕೊಟ್ಟದ್ದು ವಿಜಯಪುರ ಸೇರಿ ಏಳು ಜಿಲ್ಲೆಗಳಲ್ಲಿ, ಬಾಗಲಕೋಟೆ ಅದರಲ್ಲಿರಲಿಲ್ಲ. ಬೀಳಗಿ ಇಲ್ಲವೇ ಹುನಗುಂದದ ಅಂಥದೇ ಒಂದೆರಡು ಶಾಲೆಗಳಿಂದ ಅದೇ ತಿಂಗಳುಗಳ, ಅದೇ ತರಗತಿಗಳ ತೂಕ ತನ್ನಿ. ಉದಾಹರಣೆಗೆ, ಅಲ್ಲಿ ಸರಾಸರಿ 1 ಕಿಲೊ, ಇಂಡಿಯಲ್ಲಿ 1.4 ಕಿಲೊ ಏರಿದ್ದರೆ ಮೊಟ್ಟೆಯ ಲೆಕ್ಕಕ್ಕೆ ಬರುವುದು 400 ಗ್ರಾಂ ಮಾತ್ರ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಆಗ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳೊಂದಿಗೆ ಹೋಲಿಸಿದ್ದೂ ಹೀಗೆಯೇ.

ಮೊಟ್ಟೆ ತಿಂದವರನ್ನು, ಅದೇ ಶಾಲೆಯಲ್ಲಿ ಮೊಟ್ಟೆ ಬೇಡವೆಂದು ಅದರ ಬದಲು ಬಾಳೆಹಣ್ಣು ತಿಂದವರ ಎದುರು ನಿಲ್ಲಿಸಿದ ಪ್ಯಾರಾ ತೆಗೆದುಬಿಡಿ. ಯಾರು ಏನು ತಿನ್ನುತ್ತಾರೆ ಎಂಬುದು ಮನೆಯ ರೂಢಿ, ಗಳಿಕೆಗಳನ್ನು ನೆಚ್ಚಿದೆ. ತೂಕವೂ ಅವನ್ನೇ ನೆಚ್ಚಿದೆ. ಇಡೀ ಶಾಲೆಯನ್ನು ಇಡೀ ಶಾಲೆಗೇ ಹೋಲಿಸಿ.

ಡಿಸೆಂಬರಿನಲ್ಲಿ ತೂಗಿದ ಎಷ್ಟು ಮಕ್ಕಳು ಮಾರ್ಚಿನಲ್ಲಿ ಇರಲಿಲ್ಲ? ತಾಂಡಾದ ಮಕ್ಕಳು ಅಪ್ಪ-ಅವ್ವನ ಸಂಗಡ ಕಬ್ಬು ಕಡಿಯಲು ಹೋದಾಗ ಸೊರಗಿದವರೇ ಪಟ್ಟಿಯಿಂದ ಬಿಟ್ಟುಹೋದರೆ ಸರಾಸರಿ ತಾನಾಗಿಯೇ ಏರುತ್ತದೆ. ಎರಡೂ ಸಲ ತೂಗಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದು, ಬಿಟ್ಟುಹೋದವರ ಸಂಖ್ಯೆಯನ್ನು ಬೇರೆಯಾಗಿ ಕೊಡಿ. ತೂಗಿದ ಹೊತ್ತನ್ನೂ ವಿಚಾರಿಸಿ. ಒಮ್ಮೆ ಪ್ರಾರ್ಥನೆಯ ಹೊತ್ತಿಗೆ, ಇನ್ನೊಮ್ಮೆ ಊಟವಾದ ಮೇಲೆ ತೂಗಿದ್ದರೆ ಆ 400 ಗ್ರಾಂ ಹೊಟ್ಟೆಯಲ್ಲಿರುವ ಅನ್ನ-ನೀರಿನದೇ ಇದ್ದೀತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಅಂಕಿ ಇಲ್ಲಿ ಸಲ್ಲದು. ನಮ್ಮ ರಾಜ್ಯದಲ್ಲಿ ಅದು ನಡೆದದ್ದು 2019ರಲ್ಲಿ; ಕುಂಠಿತ ಬೆಳವಣಿಗೆಯನ್ನು ಅಳೆದದ್ದು 5 ವರ್ಷದೊಳಗಿನ ಮಕ್ಕಳಲ್ಲಿ. ಮೊಟ್ಟೆ ಬಂದದ್ದು 2021ರ ಡಿಸೆಂಬರಿನಲ್ಲಿ, ಅದೂ ಒಂದರಿಂದ ಎಂಟನೇ ತರಗತಿಯವರಿಗೆ.

ಮೊಟ್ಟೆಯ ದರ ಏರಿದ ವಾರಗಳಲ್ಲಿ ಎಲ್ಲರಿಗೂ ಬಾಳೆಹಣ್ಣೇ ಹಂಚಿದರು ಎಂದು ಕೊನೆಯಲ್ಲಿ ಎರಡು ಸಾಲು ಬರೆದಿದ್ದೀರಲ್ಲ, ಇಡೀ ಬರಹದ ಜೀವ ಅಲ್ಲಿದೆ. ಅದನ್ನು ಮುಂದಕ್ಕೆ ತನ್ನಿ. ಕೊಡಬೇಕಾದ ಮೊಟ್ಟೆ ಎಷ್ಟು, ಕೊಟ್ಟದ್ದು ಎಷ್ಟು ಎಂಬುದನ್ನು ಬಿಸಿಯೂಟದ ರಿಜಿಸ್ಟರಿನಿಂದ ತಿಂಗಳವಾರು ತೆಗೆದು, ತೂಕದ ಪಟ್ಟಿಯ ಮಗ್ಗುಲಲ್ಲೇ ಹಾಕಿ ಕಳಿಸಿ.