ಓದುಗರ ಪ್ರಶ್ನೆ: ‘ಬಹುದು’ ಅನ್ನೋದಕ್ಕೆ ಕ್ಯಾನೋ, ಮೇಯೋ, ಮೈಟೋ?

ಪ್ರಶ್ನೆ: ದಾವಣಗೆರೆಯಲ್ಲಿ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೊರರಾಜ್ಯದ ಖರೀದಿದಾರರಿಗೆ ಇಮೇಲ್ ಕಳಿಸುವುದೂ ನನ್ನ ಕೆಲಸವೇ. ‘ನಾಳೆ ಲೋಡ್ ತಡವಾಗಬಹುದು’ ಎಂದು ತಿಳಿಸಲು ‘ದಿ ಲೋಡ್ ಕ್ಯಾನ್ ಬಿ ಲೇಟ್ ಟುಮಾರೋ’ ಎಂದು ಬರೆದೆ. ಕ್ಯಾನ್ ಅಲ್ಲ, ಮೇ ಎಂದು ತಿದ್ದಿದರು. ಎರಡಕ್ಕೂ ಕನ್ನಡದಲ್ಲಿ ‘ಬಹುದು’ ತಾನೇ?

ಉತ್ತರ: ಹೌದು, ಎರಡಕ್ಕೂ ‘ಬಹುದು’. ಎಡವಟ್ಟಾಗುವುದು ಅಲ್ಲೇ. ನಮ್ಮ ‘ಬಹುದು’ ಎರಡು ಬೇರೆ ಬೇರೆ ಮಾತು ಹೇಳುತ್ತದೆ, ಇಂಗ್ಲಿಷಿನವರು ಅವೆರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ.

ನಿಮ್ಮ ಮಂಡಿಯ ಮಾತನ್ನೇ ತೆಗೆದುಕೊಳ್ಳಿ. ‘ತೇವಾಂಶ ಶೇ. 14 ದಾಟಿದರೆ ಜೋಳಕ್ಕೆ ಬೂಷ್ಟು ಹಿಡಿಯಬಹುದು.’ ಇದು ಯಾವುದೋ ಒಂದು ಚೀಲದ ಸಂಗತಿಯಲ್ಲ, ಜೋಳದ ಗುಣ. ಇಲ್ಲಿ ಕ್ಯಾನ್ ಸರಿ: ‘ಮೇಜ್ ಕ್ಯಾನ್ ಗೆಟ್ ಮೋಲ್ಡಿ’. ‘ಈ ಲೋಡಿನಲ್ಲಿ ಬೂಷ್ಟು ಇರಬಹುದು’ ಅಂದರೆ ಮಾತು ಬದಲಾಯಿತು. ಈಗ ನೀವು ಕಣ್ಣೆದುರಿನ ಒಂದು ಲೋಡಿನ ಬಗ್ಗೆ ಊಹೆ ಹೇಳುತ್ತಿದ್ದೀರಿ. ಇಲ್ಲಿ ಮೇ, ಮೈಟ್ ಅಥವಾ ಕುಡ್ ಬೇಕು: ‘ದೇರ್ ಮೇ ಬಿ ಮೋಲ್ಡ್ ಇನ್ ದಿಸ್ ಲೋಡ್’. ಕ್ಯಾನ್ ಹೊಂದುವುದಿಲ್ಲ.

ಅನುಮಾನ ಬಂದರೆ ವಾಕ್ಯವನ್ನು ಕನ್ನಡದಲ್ಲೇ ಪರೀಕ್ಷೆ ಮಾಡಿ. ‘ಬಹುದು’ ತೆಗೆದು ‘ಒಮ್ಮೊಮ್ಮೆ’ ಹಾಕಿ ನೋಡಿ. ‘ಜೋಳಕ್ಕೆ ಒಮ್ಮೊಮ್ಮೆ ಬೂಷ್ಟು ಹಿಡಿಯುತ್ತದೆ’ ಎಂಬುದು ನಿಮ್ಮ ಮನಸ್ಸಿನ ಮಾತೇ ಆಗಿದ್ದರೆ ಕ್ಯಾನ್. ಅದು ಕೂಡದೆ ‘ಬಹುಶಃ’ ಕೂಡಿದರೆ ಮೇ, ಮೈಟ್, ಕುಡ್. ‘ನಾಳೆ ಒಮ್ಮೊಮ್ಮೆ ಲೋಡ್ ತಡವಾಗುತ್ತದೆ’ ಎಂದು ಯಾರೂ ಅನ್ನುವುದಿಲ್ಲ. ‘ನಾಳೆ ಬಹುಶಃ ತಡವಾಗುತ್ತದೆ’ ಅನ್ನುತ್ತೇವೆ. ಆದ್ದರಿಂದ ನಿಮ್ಮನ್ನು ತಿದ್ದಿದವರು ಸರಿಯಾಗಿಯೇ ತಿದ್ದಿದ್ದಾರೆ. ಆದರೆ ‘ಮಳೆಗಾಲದಲ್ಲಿ ಲೋಡ್‌ಗಳು ತಡವಾಗಬಹುದು’ ಎಂಬ ಸಾಮಾನ್ಯ ಮಾತಿಗೆ ನೀವು ಬರೆದ ಕ್ಯಾನ್ ನಡೆಯುತ್ತಿತ್ತು.

ಇನ್ನು ಮೇ, ಮೈಟ್, ಕುಡ್ ಇವುಗಳಲ್ಲಿ ಯಾವುದು? ಮೇ ಅಂದರೆ ಶೇ. 50, ಮೈಟ್ ಅಂದರೆ ಶೇ. 30 ಎಂದು ಕೆಲವು ಕಡೆ ಕಲಿಸುತ್ತಾರೆ. ಅಂಥ ಅಳತೆಗೋಲು ಇಂಗ್ಲಿಷಿನಲ್ಲಿ ಇಲ್ಲ. ಮೈಟ್‌ನಲ್ಲಿ ಹೇಳುವವರ ಹಿಂಜರಿಕೆ ಸ್ವಲ್ಪ ಹೆಚ್ಚು, ಅಷ್ಟೇ. ನಿಜವಾದ ವ್ಯತ್ಯಾಸ ಸಂದರ್ಭದ್ದು: ಫೋನಿನಲ್ಲಿ, ವಾಟ್ಸಾಪಿನಲ್ಲಿ ಮೈಟ್ ಮತ್ತು ಕುಡ್ ಹೆಚ್ಚು ಓಡಾಡುತ್ತವೆ, ವ್ಯವಹಾರದ ಪತ್ರ, ವರದಿ, ನೋಟಿಸಿನಲ್ಲಿ ಮೇ. ಖರೀದಿದಾರರಿಗೆ ಬರೆಯುವಾಗ ‘ಡ್ಯೂ ಟು ರೇನ್, ದಿ ಲೋಡ್ ಮೇ ಬಿ ಲೇಟ್ ಬೈ ಒನ್ ಡೇ’ ಎಂದು ಕಾರಣವನ್ನೂ ಅವಧಿಯನ್ನೂ ಸೇರಿಸಿ, ಅವರಿಗೆ ಬೇಕಾದ್ದು ಅದು. ‘ಮೇ ಪಾಸಿಬ್ಲಿ’, ‘ಪರ್‌ಹ್ಯಾಪ್ಸ್ ಮೈಟ್’ ಎಂದು ಅನುಮಾನದ ಮೇಲೆ ಅನುಮಾನ ಪೇರಿಸಬೇಡಿ, ಒಂದು ಸಾಕು. ತಡವಾಗುವುದು ಹೆಚ್ಚುಕಡಿಮೆ ಖಾತ್ರಿ ಎಂದಿದ್ದರೆ ಮೇ ಬರೆಯುವುದೇ ತಪ್ಪು. ‘ವಿಲ್ ಪ್ರಾಬಬ್ಲಿ ಬಿ ಲೇಟ್’ ಎಂದು ಬರೆಯಿರಿ. ಅವರು ಅದನ್ನು ನೋಡಿಯೇ ಗೋದಾಮಿನಲ್ಲಿ ಹಮಾಲರನ್ನು ಗೊತ್ತುಮಾಡುವುದು.

ಪ್ರಶ್ನೆ: ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಅಭ್ಯಾಸಕ್ಕೆ ಕೊಟ್ಟ ಕೇಸಿನಲ್ಲಿ ‘ಟಿಬಿ ಇರಲಿಕ್ಕಿಲ್ಲ’ ಎಂಬ ಅರ್ಥದಲ್ಲಿ ‘ಇಟ್ ಕುಡ್ ನಾಟ್ ಬಿ ಟಿಬಿ’ ಎಂದು ಬರೆದೆ. ಹಿರಿಯ ಸಿಸ್ಟರ್ ಕೆಂಪು ಗೆರೆ ಎಳೆದರು. ಕುಡ್ ಅಂದರೆ ಮೈಟ್ ಥರವೇ ಅಲ್ಲವೇ?

ಉತ್ತರ: ‘ನಾಟ್’ ಇಲ್ಲದಿರುವಾಗ ಹೌದು. ‘ಇಟ್ ಕುಡ್ ಬಿ ಟಿಬಿ’, ‘ಇಟ್ ಮೈಟ್ ಬಿ ಟಿಬಿ’ ಎರಡೂ ‘ಇರಬಹುದು’. ‘ನಾಟ್’ ಸೇರಿದ ಕೂಡಲೇ ಕುಡ್ ಪಕ್ಷ ಬದಲಿಸುತ್ತದೆ. ‘ಕುಡ್ ನಾಟ್ ಬಿ’ ಅಂದರೆ ‘ಕೆನಾಟ್ ಬಿ’ ಅಂದಂತೆಯೇ: ಇರಲು ಸಾಧ್ಯವೇ ಇಲ್ಲ. ಕಫದ ವರದಿ ಬರುವ ಮೊದಲೇ ನೀವು ಟಿಬಿ ಇಲ್ಲವೆಂದು ತೀರ್ಪು ಕೊಟ್ಟ ಹಾಗಾಯಿತು. ನಿಮ್ಮ ಸಾಲನ್ನು ಓದಿದವರು ಆ ಪರೀಕ್ಷೆಯನ್ನೇ ಕೈಬಿಟ್ಟರೆ ಗತಿಯೇನು? ಕೆಂಪು ಗೆರೆ ಬಿದ್ದದ್ದು ಒಳ್ಳೆಯದಾಯಿತು.

‘ನಾಟ್’ ವಿಷಯದಲ್ಲಿ ಕನ್ನಡ ನಿಮ್ಮ ನೆರವಿಗೆ ಬರುತ್ತದೆ. ‘ಬಹುದು’ ಒಂದೇ ಇದ್ದರೂ ಅದರ ನಿಷೇಧವನ್ನು ನಾವು ಬಿಡಿಬಿಡಿಯಾಗಿ ಹೇಳುತ್ತೇವೆ. ‘ಇಲ್ಲದೆಯೂ ಇರಬಹುದು’ ಎಂಬುದಕ್ಕೆ ‘ಮೇ ನಾಟ್ ಬಿ’ ಅಥವಾ ‘ಮೈಟ್ ನಾಟ್ ಬಿ’. ‘ಇರಲಿಕ್ಕಿಲ್ಲ’ ಅಂದಾಗ ನಮ್ಮ ಮನಸ್ಸು ‘ಇಲ್ಲ’ದ ಕಡೆಗೇ ಹೆಚ್ಚು ವಾಲಿರುತ್ತದೆ, ಅದಕ್ಕೆ ‘ಈಸ್ ಪ್ರಾಬಬ್ಲಿ ನಾಟ್’ ಇನ್ನೂ ಹತ್ತಿರ. ‘ಇರಲು ಸಾಧ್ಯವೇ ಇಲ್ಲ’ ಎಂಬುದಕ್ಕೆ ‘ಕೆನಾಟ್ ಬಿ’. ಮೊದಲು ಕನ್ನಡದ ರೂಪವನ್ನು ಆರಿಸಿಕೊಂಡು ಆಮೇಲೆ ಇಂಗ್ಲಿಷಿಗೆ ಹೋದರೆ ಕೈ ತಪ್ಪುವುದಿಲ್ಲ.

‘ಮಸ್ಟ್’ ಇನ್ನೊಂದು ಗುಂಡಿ. ‘ಜ್ವರ ಇರಲೇಬೇಕು, ಮೈ ಕಾದಿದೆ’ ಎಂಬ ಗಟ್ಟಿ ಊಹೆಗೆ ‘ಹಿ ಮಸ್ಟ್ ಹ್ಯಾವ್ ಫೀವರ್’ ಸರಿ. ಇದರ ವಿರುದ್ಧಕ್ಕೆ ‘ಮಸ್ಟ್ ನಾಟ್’ ಬರೆಯಬೇಡಿ, ಅದರ ಸಾಮಾನ್ಯ ಅರ್ಥ ‘ಕೂಡದು’. ‘ಜ್ವರ ಇರಲು ಸಾಧ್ಯವಿಲ್ಲ’ ಎಂಬುದಕ್ಕೆ ‘ಕೆನಾಟ್ ಹ್ಯಾವ್ ಫೀವರ್’.

ವಾರ್ಡಿನ ಗೋಡೆಗೆ ಬರೆಯುವಾಗ ‘ಮೇ ನಾಟ್’ ಹತ್ತಿರ ಹೋಗಬೇಡಿ. ‘ವಿಸಿಟರ್ಸ್ ಮೇ ನಾಟ್ ಸ್ಟೇ ಅಟ್ ನೈಟ್’ ಎಂದರೆ ‘ಉಳಿಯಲು ಅನುಮತಿ ಇಲ್ಲ’ ಎಂದೂ ಆಗುತ್ತದೆ, ‘ಉಳಿಯದೆಯೂ ಇರಬಹುದು’ ಎಂದೂ ಆಗುತ್ತದೆ. ‘ಮಸ್ಟ್ ನಾಟ್’ ಅಥವಾ ‘ಆರ್ ನಾಟ್ ಅಲೌಡ್ ಟು’ ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ.

ಪ್ರಶ್ನೆ: ಚಳ್ಳಕೆರೆಯಿಂದ. ‘ಮೇಬಿ’ ಎಂದು ಕೂಡಿಸಿ ಬರೆಯುವುದೋ, ‘ಮೇ ಬಿ’ ಎಂದು ಬಿಡಿಸಿ ಬರೆಯುವುದೋ?

ಉತ್ತರ: ಅದರ ಜಾಗದಲ್ಲಿ ‘ಪರ್‌ಹ್ಯಾಪ್ಸ್’ ಕೂಡುವುದಾದರೆ ಕೂಡಿಸಿ, ಕೂಡದಿದ್ದರೆ ಬಿಡಿಸಿ. ‘ಮೇಬಿ ಹಿ ಈಸ್ ಅಟ್ ಹೋಮ್’, ‘ಹಿ ಮೇ ಬಿ ಅಟ್ ಹೋಮ್’. ಕೂಡಿಸಿದ್ದು ಮಾತಿಗೆ ಚೆನ್ನ. ಅರ್ಜಿ, ವರದಿಯಲ್ಲಿ ‘ಪರ್‌ಹ್ಯಾಪ್ಸ್’ ಬಳಸಿ.

ಪ್ರಶ್ನೆ: ಚಿತ್ರದುರ್ಗದ ಕೋಟೆಗೆ ಬರುವ ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ವಿವರಿಸುವುದನ್ನು ಕಲಿಯುತ್ತಿದ್ದೇನೆ. ಹಿಂದೆ ನಡೆದದ್ದನ್ನು ಹೇಳುವಾಗ ‘ಮೇ ಹ್ಯಾವ್’, ‘ಕುಡ್ ಹ್ಯಾವ್’ ಅದಲುಬದಲಾಗುತ್ತವೆ.

ಉತ್ತರ: ಕನ್ನಡದ ಕ್ರಿಯಾಪದದ ಬಾಲವನ್ನು ಗಮನಿಸಿ. ‘-ಇರಬಹುದು’ ಒಂದು, ‘-ಬಹುದಿತ್ತು’ ಇನ್ನೊಂದು.

ಮದ್ದು ಬೀಸುವ ದೊಡ್ಡ ಕಲ್ಲುಗಳ ಹತ್ತಿರ ನಿಂತು ‘ಇವನ್ನು ಆನೆಗಳು ತಿರುಗಿಸಿರಬಹುದು, ಎತ್ತುಗಳೂ ತಿರುಗಿಸಿರಬಹುದು’ ಅನ್ನುತ್ತೀರಿ. ತಿರುಗಿಸಿದ್ದು ಯಾವುದೆಂದು ಕಂಡವರು ಈಗ ಇಲ್ಲ, ಪ್ರಶ್ನೆ ಇನ್ನೂ ತೆರೆದಿದೆ. ಇದಕ್ಕೆ ‘ಎಲಿಫೆಂಟ್ಸ್ ಮೇ ಹ್ಯಾವ್ ಟರ್ನ್ಡ್ ದೀಸ್ ಸ್ಟೋನ್ಸ್’. ಅಲ್ಲಿಂದ ಓಬವ್ವನ ಕಿಂಡಿಗೆ ಬನ್ನಿ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬಂದರು, ಓಬವ್ವ ಒನಕೆ ಹಿಡಿದು ನಿಂತಳು ಎಂಬ ಕಥೆ ಹೇಳಿ, ‘ಆಕೆ ಇಲ್ಲದಿದ್ದರೆ ಅವರು ಅಂದೇ ಒಳಗೆ ನುಗ್ಗಬಹುದಿತ್ತು’ ಅನ್ನುತ್ತೀರಿ. ನುಗ್ಗಲಿಲ್ಲ ಎಂಬುದು ಈ ಕಥೆಯಲ್ಲೇ ಇದೆ. ಇದಕ್ಕೆ ‘ದೇ ಕುಡ್ ಹ್ಯಾವ್ ಎಂಟರ್ಡ್ ದಟ್ ಡೇ’. ಇಲ್ಲಿ ‘ಮೇ ಹ್ಯಾವ್’ ಅಂದರೆ ಅಂದು ನುಗ್ಗಿದರೋ ಇಲ್ಲವೋ ನಿಮಗೇ ಗೊತ್ತಿಲ್ಲ ಎಂದಾಗಿ, ಓಬವ್ವನ ಸಾಹಸವೇ ಅನುಮಾನಕ್ಕೆ ಬೀಳುತ್ತದೆ. ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ. ಅದು ನಡೆದುಹೋದ ಸಂಗತಿ, ಅಲ್ಲಿ ಊಹೆಯ ಪದವೇ ಬೇಡ.

‘ಮೈಟ್ ಹ್ಯಾವ್’ ಎರಡೂ ಕಡೆ ನಡೆಯುತ್ತದೆ, ‘ಕುಡ್ ಹ್ಯಾವ್’ ಕೂಡ ಎಷ್ಟೋ ಸಲ ತೆರೆದ ಊಹೆಗೆ ಬರುತ್ತದೆ. ಕಲಿಯುವ ಹಂತದಲ್ಲಿ ‘-ಇರಬಹುದು’ಗೆ ‘ಮೇ ಹ್ಯಾವ್’, ‘-ಬಹುದಿತ್ತು’ಗೆ ‘ಕುಡ್ ಹ್ಯಾವ್’ ಎಂದು ಜೋಡಿ ಕಟ್ಟಿಕೊಳ್ಳಿ.

ರೂಪದಲ್ಲಿ ಎರಡು ಎಚ್ಚರ. ಇವುಗಳ ಮುಂದೆ ಯಾವಾಗಲೂ ‘ಹ್ಯಾವ್’, ಕರ್ತೃ ಯಾರೇ ಇರಲಿ. ‘ಶಿ ಮೇ ಹ್ಯಾಸ್’, ‘ಮೇ ಹ್ಯಾಡ್’ ಎಂಬುವು ಇಲ್ಲ. ಆಮೇಲೆ ಕ್ರಿಯಾಪದದ ಮೂರನೇ ರೂಪ: ‘ಮೇ ಹ್ಯಾವ್ ಗಾನ್’, ‘ವೆಂಟ್’ ಅಲ್ಲ. ವೇಗದ ಮಾತಿನಲ್ಲಿ ‘ಕುಡ್ ಹ್ಯಾವ್’ ಎಂಬುದು ‘ಕುಡವ್’ ಎಂದು ಕೇಳಿಸುತ್ತದೆ. ಅದನ್ನು ನಂಬಿ ‘ಕುಡ್ ಆಫ್’ ಎಂದು ಬರೆಯಬೇಡಿ, ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರೂ ಈ ತಪ್ಪು ಮಾಡುತ್ತಾರೆ.

ಪ್ರಶ್ನೆ: ಹಿರಿಯೂರಿನ ಕಚೇರಿಯೊಂದರಲ್ಲಿ ಕಡತ ಬರೆಯುತ್ತೇನೆ. ‘ದಿ ಬಿಲ್ ಮೇ ಪ್ಲೀಸ್ ಬಿ ಪಾಸ್ಡ್’ ಎಂದು ಎಲ್ಲರೂ ಬರೆಯುತ್ತಾರೆ. ಇದರ ಅರ್ಥ ‘ಬಿಲ್ ಪಾಸಾಗಬಹುದು’ ಎಂದೇ?

ಉತ್ತರ: ಅಲ್ಲ. ಇದು ನಮ್ಮ ದೇಶದ ಕಚೇರಿ ಇಂಗ್ಲಿಷಿನ ವಿನಂತಿ: ‘ದಯವಿಟ್ಟು ಬಿಲ್ ಪಾಸು ಮಾಡಿ’. ಟಿಪ್ಪಣಿಯಲ್ಲಿ ಧಾರಾಳವಾಗಿ ಬರೆಯಿರಿ. ಹೊರದೇಶದವರಿಗೆ ಪತ್ರ ಹೋಗುವುದಾದರೆ ‘ಪ್ಲೀಸ್ ಪಾಸ್ ದಿ ಬಿಲ್’ ಎಂದು ನೇರವಾಗಿ ಬರೆಯಿರಿ, ಅವರಿಗೆ ಈ ಪದ್ಧತಿ ತಿಳಿಯದು.

ಕಾನೂನಿನ ಮೇ ಬೇರೆಯೇ. ಸಂವಿಧಾನದ 3ನೇ ವಿಧಿ ‘ಪಾರ್ಲಿಮೆಂಟ್ ಮೇ ಬೈ ಲಾ’ ಎಂದು ಆರಂಭವಾಗುತ್ತದೆ. ಹೊಸ ರಾಜ್ಯ ರಚಿಸುವ ಅಧಿಕಾರ ಸಂಸತ್ತಿಗೆ ಇದೆ ಎಂಬುದು ಅದರ ಅರ್ಥ, ರಚಿಸೀತೋ ಇಲ್ಲವೋ ಎಂಬ ಊಹೆಯಲ್ಲ. ಮಾಡಲೇಬೇಕಾದ ಕಡೆ ಕಾನೂನು ‘ಶಲ್’ ಬಳಸುತ್ತದೆ. ಸಂದರ್ಭ ನೋಡಿ ನ್ಯಾಯಾಲಯಗಳು ಮೇ ಎಂಬುದನ್ನೂ ಕಡ್ಡಾಯವೆಂದು ಓದಿದ್ದುಂಟು, ಹಾಗಾಗಿ ಸುತ್ತೋಲೆಯ ಒಂದು ಪದವನ್ನಷ್ಟೇ ಹಿಡಿದು ಕೂರಬೇಡಿ. ಟೆಂಡರಿನ ತಾಂತ್ರಿಕ ಭಾಗದಲ್ಲಿ ಐಎಸ್‌ಒ ಮಾನದಂಡಗಳ ಭಾಷೆ ಸಿಕ್ಕರೆ ಇನ್ನೂ ಎಚ್ಚರ: ಅಲ್ಲಿ ಮೇ ಅಂದರೆ ಅನುಮತಿ, ಸಾಧ್ಯತೆಗೆ ಕ್ಯಾನ್. ‘ಪೈಪಿನಲ್ಲಿ ಸೋರಿಕೆ ಆಗಬಹುದು’ ಎಂದು ಅಲ್ಲಿ ಮೇ ಹಾಕಿ ಬರೆದರೆ, ಸೋರಲು ನೀವೇ ಅನುಮತಿ ಕೊಟ್ಟಂತೆ ಓದಿಸಿಕೊಳ್ಳುತ್ತದೆ.